ರೇಷ್ಮೆ ಸೀಮೆಯಲ್ಲಿ ಜೇನಿನ ಪಾಲು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬೆಳೆಗಳನ್ನು ನೋಡಿದರೆ ಪರಾಗಸ್ಪರ್ಶದ ಚಿಂತೆ ಇಲ್ಲಿನದಲ್ಲ ಎನಿಸಬಹುದು. ಭತ್ತ, ರಾಗಿ, ಮುಸುಕಿನ ಜೋಳಕ್ಕೆ ಕೀಟಗಳ ಹಂಗಿಲ್ಲ. ಕಬ್ಬು, ಅರಿಸಿನ, ಬಾಳೆಗೆ ಬಿತ್ತನೆಯ ಬೀಜವೇ ಬೇಡ. ಹಿಪ್ಪುನೇರಳೆಯಿಂದ ರೈತನಿಗೆ ಬೇಕಿರುವುದು ಸೊಪ್ಪು ಮಾತ್ರ.

ಅಕ್ಕಡಿ ಸಾಲಿನ ಲೆಕ್ಕ

ರಾಗಿ ಹೊಲದಲ್ಲಿ ನಡುನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಹುಚ್ಚೆಳ್ಳು ತನ್ನದೇ ಗಿಡದ ಪರಾಗದಿಂದ ಕಾಳು ಕಟ್ಟುವುದು ತೀರಾ ಕಡಿಮೆ. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮುಂಜಾನೆ ಅರಳುವ ಹೂ ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ಜೇನು ಸುಳಿಯದಿದ್ದರೆ ಹೀಚು ಹಳದಿಗಟ್ಟಿ ಉದುರುತ್ತದೆ. 2016ರ ಜಾಗತಿಕ ಅಂದಾಜಿನಂತೆ ಪ್ರಮುಖ ಆಹಾರ ಬೆಳೆಗಳ ಪೈಕಿ ಶೇ 75ರಷ್ಟು ಬೆಳೆಗಳಿಗೆ ಪರಾಗ ಸಾಗಿಸುವ ಜೀವಿಗಳ ನೆರವು ಸ್ವಲ್ಪವಾದರೂ ಬೇಕು. ಆದರೆ ಉತ್ಪಾದನೆಯ ಪ್ರಮಾಣದಲ್ಲಿ ಈ ಬೆಳೆಗಳ ಪಾಲು ಶೇ 35 ಮಾತ್ರ. ಕಣಜದ ಧಾನ್ಯಕ್ಕಿಂತ ಊಟದ ಎಣ್ಣೆ, ತರಕಾರಿ, ಹಣ್ಣುಗಳಲ್ಲೇ ಕೀಟಗಳ ದುಡಿಮೆ ಹೆಚ್ಚು.

ಬೆಟ್ಟದ ಜೇನು, ಕಾನೂನಿನ ಬೇಲಿ

ಈ ಸೀಮೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು ನಾಲ್ಕೂ ಇವೆ. ಹೂವಿನ ಕಾಲಕ್ಕೆ ಬಂದು ಎತ್ತರದ ಮರ, ಬಂಡೆಗಳಲ್ಲಿ ಹುಟ್ಟು ಕಟ್ಟುವ ಹೆಜ್ಜೇನು ಮಳೆಗಾಲದಲ್ಲಿ ವಲಸೆ ಹೋಗುತ್ತದೆ. 2002ರ ವನ್ಯಜೀವಿ ಕಾನೂನಿನ ತಿದ್ದುಪಡಿಯ ನಂತರ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಜೇನು, ನೆಲ್ಲಿ ಸಂಗ್ರಹಿಸಿ ಮಾರುವುದಕ್ಕೆ ತಡೆ ಬಿತ್ತು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಹಕ್ಕಿನ ಜೊತೆಗೆ ಕಾಡಿನ ಸ್ಥಿತಿಯ ಬಗ್ಗೆಯೂ ತಕರಾರಿದೆ. ಲಂಟಾನ ಎಂಬ ಕಳೆಪೊದೆ ಹಬ್ಬಿದ್ದಕ್ಕೆ, ಒಣ ಎಲೆಗಳಿಗೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತದ್ದೇ ಕಾರಣ ಎನ್ನುವುದು ಸೋಲಿಗರ ವಾದ. ಬೆಂಕಿಗೆ ಎಳೆಯ ಸಸಿಗಳು ಬಲಿಯಾಗುತ್ತವೆ ಎನ್ನುವುದು ಸಂರಕ್ಷಕರ ಆತಂಕ. ಎರಡರಲ್ಲೂ ಹುರುಳಿದೆ. ಆದರೆ ಜೇನಿಗೆ ಆಸರೆಯಾದ ಹೂಮರಗಳ ಎಳೆ ಸಸಿಗಳು ಲಂಟಾನದಡಿ ಮೇಲೇಳಲಾಗದೆ ಸೊರಗುತ್ತಿರುವುದನ್ನು ಎರಡೂ ಕಡೆಯವರು ಕಾಣುತ್ತಿದ್ದಾರೆ.

ಔಷಧಿ ಹೊಡೆಯುವ ಹೊತ್ತು

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರಾಜ್ಯದ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿತ್ತು. ಇಂದಿನ ಅಪಾಯಗಳಲ್ಲಿ ಕೀಟನಾಶಕ ಮುಖ್ಯವಾದದ್ದು. ರೈತರ ಇಕ್ಕಟ್ಟೂ ಸುಳ್ಳಲ್ಲ: ತೊಗರಿ, ಅವರೆಗೆ ಕಾಯಿಕೊರಕ ಬೀಳುವುದು ಹೂವಿನ ಹಂತದಲ್ಲೇ. ಹೀಗಾಗಿ ಔಷಧಿಯೇ ಬೇಡ ಎನ್ನುವುದು ಕಾರ್ಯಸಾಧುವಲ್ಲ. ಜೇನು ಗೂಡಿಗೆ ಮರಳಿದ ಸಂಜೆಯಷ್ಟೇ ಸಿಂಪಡಿಸುವುದು, ಬದುವಿನ ಹೊಂಗೆ, ಹುಣಸೆಗಳನ್ನು ಉಳಿಸಿಕೊಳ್ಳುವುದು ಸಾಧ್ಯ. ಪಕ್ಕದ ಹೊಲದ ಔಷಧಿ ಸೊಪ್ಪಿಗೆ ತಾಗಿದರೆ ರೇಷ್ಮೆಹುಳು ಸಾಯುತ್ತದೆ ಎಂಬುದನ್ನು ಈ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಸಾಕಿದ ಹುಳುವಿಗೆ ತೋರುವ ಎಚ್ಚರವನ್ನು ಸಾಕದೆಯೇ ದುಡಿಯುವ ಕೀಟಕ್ಕೂ ವಿಸ್ತರಿಸುವುದು ವಿವೇಕ.