ಹೊಗೆ ಕಡಿಮೆ ಒಲೆ: ಗುರುತು ನೋಡಿ, ನಿಮ್ಮ ಸೌದೆಯನ್ನೂ ನೋಡಿ

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ. ಒಲೆ ಕೊಳ್ಳುವಾಗ ಮಾತ್ರ ಮಾರುವವನು ಹೇಳಿದ್ದೇ ವೇದ. ಡಬ್ಬದ ಮೇಲೆ "ಹೊಗೆರಹಿತ" ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಮುಗೀತು, ದುಡ್ಡು ಕೊಟ್ಟು ತಲೆ ಮೇಲೆ ಹೊತ್ತು ತರ್ತೀವಿ. ಸೌದೆ ಉರಿದ ಮೇಲೆ ಸ್ವಲ್ಪವಾದರೂ ಹೊಗೆ ಬಂದೇ ಬರುತ್ತೆ. ಎಷ್ಟು ಬರಬಹುದು ಅನ್ನೋದಕ್ಕೆ ಸರ್ಕಾರದ ಲೆಕ್ಕ ಒಂದಿದೆ. ಅದು ನಮ್ಮ ರೈತರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ಸೀಮೆ. ಎಂಟು ಎಕರೆ ಮಳೆ ಭೂಮಿ. ಶೇಂಗಾ, ತೊಗರಿ, ಮನೆ ಮಟ್ಟಿಗೆ ರಾಗಿ, ನವಣೆ. ಮನೆಯಲ್ಲಿ ಗ್ಯಾಸು ಇದೆ. ಕಾಫಿ, ಸಾರು, ಒಗ್ಗರಣೆ ಎಲ್ಲ ಅದರ ಮೇಲೆ. ಆದರೆ ಆರು ಜನಕ್ಕೆ ಎರಡು ಹೊತ್ತು ಮುದ್ದೆ, ಸ್ನಾನಕ್ಕೆ ನೀರು, ಕರೆಯುವ ಎಮ್ಮೆಗೆ ಹುರುಳಿ ಬೇಯಿಸೋದು ಇಷ್ಟನ್ನೂ ಗ್ಯಾಸಿನಲ್ಲಿ ಮಾಡಿದರೆ ಸಿಲಿಂಡರು ಎಷ್ಟು ದಿನ ಬಂದೀತು? ತೊಗರಿ ಕಡ್ಡಿ ಹೊಲದಲ್ಲೇ ಬಿದ್ದಿದೆ, ಹಳ್ಳದ ತುಂಬ ಬಳ್ಳಾರಿ ಜಾಲಿ ನಿಂತಿದೆ. ಗ್ಯಾಸಿಗಿಂತ ಶುದ್ಧ ಉರಿ ಸೌದೆಯಲ್ಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಹಾಗಂತ 2016ರಲ್ಲಿ ಶುರುವಾದ ಉಜ್ವಲ ಯೋಜನೆಯಲ್ಲಿ ಗ್ಯಾಸು ಪಡೆದ ನಮ್ಮ ಓಣಿಯ ಮನೆಗಳಲ್ಲೂ ಸೌದೆ ಒಲೆ ಆರಿಲ್ಲ.

ನಮ್ಮಾಕೆಗೆ ಮೂರು ವರ್ಷದಿಂದ ಕೆಮ್ಮು. ಚಳಿಗಾಲ ಬಂತೆಂದರೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಉಬ್ಬಸ. ಡಾಕ್ಟರು ಊದುವ ಯಂತ್ರದಲ್ಲಿ ಊದಿಸಿ ನೋಡಿ, "ಅಮ್ಮ, ಬೀಡಿಗೀಡಿ ಸೇದ್ತೀರೇನು?" ಅಂತ ಕೇಳಿದರು. ಆಕೆ ನಕ್ಕುಬಿಟ್ಟಳು. ಆಮೇಲೆ ಅವರೇ ಹೇಳಿದರು, ಇದು ಸಿಒಪಿಡಿ, ಬೀಡಿ ಸಿಗರೇಟು ಸೇದುವವರಿಗೆ ಬರುವ ರೋಗ, ಒಲೆ ಮುಂದೆ ಕೂತ ಹೆಂಗಸರಿಗೂ ಬರುತ್ತೆ, ಹೋದ ಶ್ವಾಸಕೋಶ ವಾಪಸು ಬರೋದಿಲ್ಲ, ಇರೋದನ್ನು ಉಳಿಸಿಕೊಳ್ಳಿ ಅಂತ. ಅಲ್ಲಿಂದ ನನ್ನ ಒಲೆ ಹುಡುಕಾಟ ಶುರು. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಕಾಗದಗಳನ್ನು ಡಿಪ್ಲೊಮಾ ಓದಿದ ಅಣ್ಣನ ಮಗ ಓದಿ ಹೇಳಿದ. ಲೆಕ್ಕ ಮಾತ್ರ ನನ್ನದು.

ಕಾನೂನು ಏನು ಹೇಳುತ್ತೆ

ಸಿಮೆಂಟಿಗೆ, ಪಂಪಿಗೆ ಐಎಸ್‌ಐ ಗುರುತು ಇರುವ ಹಾಗೆ ಸೌದೆ ಒಲೆಗೂ ಇದೆ. ಅದರ ನಂಬರು ಐಎಸ್ 13152. ಮೊದಲು 1991ರಲ್ಲಿ ಬಂತು, 2013ರಲ್ಲಿ ತಿದ್ದಿ ಬಿಗಿ ಮಾಡಿದರು. ಎತ್ತಿ ಇಡಬಹುದಾದ ಒಲೆಗಳಲ್ಲಿ ಎರಡು ಜಾತಿ. ಫ್ಯಾನಿಲ್ಲದೆ ತಾನೇ ಗಾಳಿ ಎಳೆದುಕೊಳ್ಳುವುದು ಒಂದು, ಫ್ಯಾನಿರುವುದು ಇನ್ನೊಂದು. ಫ್ಯಾನಿಲ್ಲದ್ದರಲ್ಲಿ ಸೌದೆಯ ಶಾಖದ ಶೇ. 25 ಆದರೂ ಪಾತ್ರೆಗೆ ಸೇರಬೇಕು. ಪಾತ್ರೆಗೆ ಸೇರಿದ ಪ್ರತಿ ಮೆಗಾಜೂಲ್ ಶಾಖಕ್ಕೆ ಹೊಗೆಕಣ 350 ಮಿಲಿಗ್ರಾಂ ಮೀರಬಾರದು. ಫ್ಯಾನಿರುವುದಕ್ಕೆ ಶೇ. 35, ಹೊಗೆಕಣ 150 ಮಿಲಿಗ್ರಾಂ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಎರಡಕ್ಕೂ 5 ಗ್ರಾಂ ಒಳಗೆ.

ಮೆಗಾಜೂಲ್ ಅಂದರೆ ಗಾಬರಿ ಬೇಡ. ಕೊಡದ ನೀರು ಮೂರು ಲೀಟರು ಕುದಿ ಬರಿಸಲು ಬೇಕಾದ ಶಾಖ ಹೆಚ್ಚುಕಡಿಮೆ ಒಂದು ಮೆಗಾಜೂಲ್. ಜ್ವರದ ಮಾತ್ರೆಯಲ್ಲಿ 500 ಮಿಲಿಗ್ರಾಂ ಔಷಧಿ ಇರುತ್ತಲ್ಲ, ಅದರ ಮುಕ್ಕಾಲು ಪಾಲಿಗಿಂತ ಕಡಿಮೆ ಮಸಿ, ಮೂರು ಲೀಟರು ನೀರು ಕುದಿಯುವಷ್ಟರಲ್ಲಿ ಹೊರಬರಬಹುದು. ಅಷ್ಟೇ ರಿಯಾಯಿತಿ.

ಇಷ್ಟು ಕೇಳಿ, ಗುರುತಿರುವ ಒಲೆ ತಂದರೆ ಸಾಕು ಅನ್ನಿಸುತ್ತೆ. ಇನ್ನೊಂದು ಲೆಕ್ಕ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಮನೆ ಒಲೆಗಳಿಗೆ ಒಂದು ಗುರಿ ಹಾಕಿತು. ಚಿಮಣಿ ಇಲ್ಲದ ಒಲೆ ನಿಮಿಷಕ್ಕೆ 0.23 ಮಿಲಿಗ್ರಾಂ ಸಣ್ಣ ಹೊಗೆಕಣ ಬಿಡಬಹುದು, ಚಿಮಣಿ ಇದ್ದರೆ 0.80. ನಮ್ಮ ಮೂರು ಲೀಟರು ನೀರು ಅರ್ಧ ಗಂಟೆಯಲ್ಲಿ ಕುದಿಯಿತು ಅಂತ ಇಟ್ಟುಕೊಳ್ಳಿ. 350ನ್ನು 30ರಿಂದ ಭಾಗಿಸಿದರೆ ನಿಮಿಷಕ್ಕೆ 11 ಮಿಲಿಗ್ರಾಂ ದಾಟುತ್ತೆ. ಗುರುತಿನ ಮಿತಿಯಲ್ಲೇ ಇರುವ ಒಲೆ ಆ ಗುರಿಯ ಐವತ್ತು ಪಟ್ಟು ಹೊಗೆ ಬಿಡಬಹುದು ಅಂತಾಯಿತು. ಫ್ಯಾನಿನ ಒಲೆಯೂ ಇಪ್ಪತ್ತು ಪಟ್ಟು ಮೇಲೆಯೇ. ಇದು ರೈತನ ಒರಟು ಲೆಕ್ಕ, ಒಳ್ಳೆ ಒಲೆಗಳು ಮಿತಿಗಿಂತ ಕೆಳಗೇ ಇರಬಹುದು. ಆದರೂ ಗುರುತಿದೆ ಅಂತ ಕಿಟಕಿ ಇಲ್ಲದ ಮೂಲೆಯಲ್ಲಿ ಇಟ್ಟು ಉರಿಸುವ ಸಾಮಾನು ಇದಲ್ಲ.

ಗುರುತನ್ನು ಪರೀಕ್ಷಿಸುವುದು ಸುಲಭ. ಐಎಸ್‌ಐ ಚಿಹ್ನೆಯ ಮೇಲೆ ಐಎಸ್ 13152 ಅಂತ ಇರಬೇಕು, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಅನ್ನುವ ಮೊಬೈಲ್ ಆಪ್‌ನಲ್ಲಿ ಹಾಕಿದರೆ ಯಾರ ಹೆಸರಿಗಿದೆ ಅಂತ ತೋರಿಸುತ್ತೆ. ಒಂದು ಜಾತ್ರೆಯಲ್ಲಿ ಒಲೆ ಮಾರುತ್ತಿದ್ದವನನ್ನು ನಂಬರು ಕೇಳಿದೆ. "ಯಜಮಾನ್ರೇ, ಒಲೆಗೆ ಯಾವ ನಂಬರು? ಸ್ಟೀಲು ನೋಡಿ, ಹೆಂಗೆ ಹೊಳೀತೈತೆ!" ಅಂದ. ಹೊಳಪು ಎರಡು ಉರಿಗೆ ಹೋಗುತ್ತೆ.

ಪರೀಕ್ಷೆಯ ಸೌದೆ ಬೇರೆ, ನಮ್ಮ ಸೌದೆ ಬೇರೆ

ಈ ಪರೀಕ್ಷೆಗಳನ್ನು ಉದಯಪುರದ ಕೃಷಿ ವಿಶ್ವವಿದ್ಯಾಲಯ, ದೆಹಲಿಯ ಐಐಟಿ ಇಂಥ ಕಡೆ ಮಾಡುತ್ತಾ ಬಂದಿದ್ದಾರೆ. ಅಲ್ಲಿ ಉರಿಸುವುದು ಒಂದೇ ಅಳತೆಗೆ ಕತ್ತರಿಸಿ ಚೆನ್ನಾಗಿ ಒಣಗಿಸಿದ ಸೌದೆ. ನಾವು ಉರಿಸುವುದು ಅರ್ಧ ಹಸಿ ಜಾಲಿ, ಉದ್ದುದ್ದ ತೊಗರಿ ಕಡ್ಡಿ, ಮಳೆಗಾಲದಲ್ಲಿ ಬೆರಣಿ. ಈ ವ್ಯತ್ಯಾಸ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ಸೌದೆ ಒಲೆಗೆ 1988ರಿಂದಲೇ ಹೊಗೆ ಕಾನೂನು ಇದೆ. 2015ರಲ್ಲಿ ಅದನ್ನು ತಿದ್ದಿ, 2020ರಿಂದ ಹೊಸ ಒಲೆಗೆ ಗಂಟೆಗೆ 2 ಗ್ರಾಂ ಹೊಗೆಕಣದ ಮಿತಿ ಹಾಕಿದರು. ಮನೆಯಲ್ಲಿ ಉರಿಸುವಂಥ ಸೀಳು ಸೌದೆಯಲ್ಲೇ ಪರೀಕ್ಷೆ ಮಾಡಿಸಿದರೆ ಮಾತ್ರ 2.5 ಗ್ರಾಂವರೆಗೆ ಬಿಡುತ್ತಾರೆ. ಸೌದೆ ಬದಲಾದರೆ ಹೊಗೆ ಬದಲಾಗುತ್ತೆ ಅಂತ ಕಾನೂನು ಮಾಡಿದವರೇ ಒಪ್ಪಿಕೊಂಡ ಹಾಗಾಯಿತಲ್ಲ!

ಹೊಗೆ ಅಂದರೆ ಉರಿಯದೆ ಉಳಿದ ಸೌದೆ. ಸೌದೆ ಕಾದಾಗ ಅದರಿಂದ ಆವಿ ಏಳುತ್ತೆ, ಆ ಆವಿಗೆ ಜಾಸ್ತಿ ಬಿಸಿ ಮತ್ತು ಗಾಳಿ ಸಿಕ್ಕರೆ ಜ್ವಾಲೆ, ಸಿಗದಿದ್ದರೆ ಹೊಗೆ. ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಓಡಿಸುವುದಕ್ಕೇ ಬೆಂಕಿಯ ಕಾವು ಖರ್ಚಾಗಿ ಒಲೆಯ ಹೊಟ್ಟೆ ತಣ್ಣಗಾಗುತ್ತೆ, ಆವಿ ಉರಿಯದೆ ಹೊರಗೆ ಬರುತ್ತೆ. ಮೇಲಿಂದ ಪಾತ್ರೆ ತಳ ತಣ್ಣಗಿದ್ದರೆ ಅಲ್ಲಿ ಮಸಿ ಕೂರುತ್ತೆ. ಒಳ್ಳೆ ಒಲೆಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಸೌದೆ ಕೆಳಗೆ ಗಾಳಿ ಆಡಲು ಜಾಲರಿ, ಶಾಖ ಸೋರದ ಹಾಗೆ ದಪ್ಪ ಗೋಡೆ, ಜ್ವಾಲೆ ಏಳಲು ಸ್ವಲ್ಪ ಎತ್ತರ, ಅದಾದ ಮೇಲೆ ಪಾತ್ರೆ.

ಮನೆ ತಕ್ಕಡಿಯಲ್ಲಿ ಮೂರು ಸಲ ತೂಗಿ ನೋಡಿದ್ದೇನೆ, ಅದೇ ಪಾತ್ರೆ, ಅದೇ ಮೂರು ಲೀಟರು ನೀರು. ಹಳೇ ಮಣ್ಣಿನ ಒಲೆಯಲ್ಲಿ ಒಣ ಜಾಲಿ ಸುಮಾರು 600 ಗ್ರಾಂ ಹಿಡಿಯಿತು. ಗುರುತಿನ ಕಬ್ಬಿಣದ ಒಲೆಯಲ್ಲಿ 280 ಗ್ರಾಂ. ಅದೇ ಕಬ್ಬಿಣದ ಒಲೆಗೆ ಕಡಿದು ಹದಿನೈದು ದಿನವಾದ ಜಾಲಿ ಹಾಕಿದಾಗ 450 ಗ್ರಾಂ, ಅಡಿಗೆ ಮನೆ ತುಂಬ ಹೊಗೆ. ಹೊಸ ಒಲೆಗೆ ಕೊಟ್ಟ ದುಡ್ಡಿನ ಅರ್ಧ ಹಸಿ ಸೌದೆಯಲ್ಲೇ ಹೋಯಿತು. ಈಗ ನಾವು ಜಾಲಿಯನ್ನು ಕಾರ್ತೀಕ ಕಳೆದ ಮೇಲೆ ಕಡಿದು, ಮಣಿಕಟ್ಟಿನ ಗಾತ್ರಕ್ಕೆ ಸೀಳಿ, ಒಂದು ಬೇಸಿಗೆ ಪೂರಾ ಒಣಗಿಸಿ, ಮಳೆಗೆ ಮುಂಚೆ ತಗಡಿನ ಕೆಳಗೆ ಒಟ್ಟುತ್ತೇವೆ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ತುದಿಯಲ್ಲಿ ಬಿರುಕು ಕಾಣಬೇಕು.

ಯಾವ ಒಲೆ ಯಾರಿಗೆ

ಫ್ಯಾನಿನ ಒಲೆ ಹೊಗೆಯ ಲೆಕ್ಕದಲ್ಲಿ ಮೇಲು. ಮೇಲ್ಗಡೆ ತೂತುಗಳಿಂದ ಗಾಳಿ ನುಗ್ಗಿ ಆವಿಯನ್ನೆಲ್ಲ ಸುಡುತ್ತೆ, ಜ್ವಾಲೆ ಗ್ಯಾಸಿನ ಹಾಗೆ ಕಾಣುತ್ತೆ. ಆದರೆ ಸೌದೆಯನ್ನು ಬೆರಳುದ್ದ ಚೂರು ಮಾಡಬೇಕು, ಬ್ಯಾಟರಿ ಚಾರ್ಜು ಮಾಡಬೇಕು. ಫ್ಯಾನು ಕೆಟ್ಟರೆ ರಿಪೇರಿ ಮಾಡುವವರು ತಾಲೂಕಿನಲ್ಲಿ ಇದ್ದಾರಾ ಅಂತ ಮೊದಲೇ ಕೇಳಿ. ನಮ್ಮ ಭಾವಮೈದುನನ ಮನೆಯಲ್ಲಿ ಅಂಥದೊಂದು ಒಲೆ ಈಗ ಕೋಳಿ ಮೊಟ್ಟೆ ಇಡುವ ಜಾಗ. ಉಂಡೆ ಸೌದೆಯನ್ನೇ, ಅಂದರೆ ಪೆಲೆಟ್ ಮಾತ್ರ ಬೇಡುವ ಒಲೆಯಾದರೆ ಇನ್ನೂ ಯೋಚನೆ ಮಾಡಿ. ಪೆಲೆಟ್ ಮಾರುವವನ ಕೈಗೆ ಜುಟ್ಟು ಕೊಟ್ಟ ಹಾಗೆ. ಶೇಂಗಾ ಸಿಪ್ಪೆಯ ಬೆಲೆ ಏರಿದ ವರ್ಷ ಪೆಲೆಟ್ ಬೆಲೆ ಕೆಳಗೆ ಇರುತ್ತಾ?

ಫ್ಯಾನಿಲ್ಲದ ಕಬ್ಬಿಣದ ಒಲೆಗಳಲ್ಲಿ ಬಾಯಿ ಅಡ್ಡ, ಹೊಟ್ಟೆ ನೇರ ಮೇಲಕ್ಕೆ ಇರುವ ಮೊಣಕೈ ಆಕಾರದವು ಬಹಳ. ಇವಕ್ಕೆ ತೊಗರಿ ಕಡ್ಡಿ, ಹತ್ತಿ ಕಡ್ಡಿ ಚೆನ್ನಾಗಿ ಹೊಂದುತ್ತವೆ, ತುದಿ ಉರಿದ ಹಾಗೆ ತಳ್ಳುತ್ತಾ ಹೋದರಾಯಿತು. ಬಾಯಿಗೆ ಕಡ್ಡಿ ತುರುಕಿ ಗಾಳಿದಾರಿ ಮುಚ್ಚಬಾರದು, ಅರ್ಧ ಬಾಯಿ ಖಾಲಿ ಇರಬೇಕು. ಬೆರಣಿಗೆ ಇವು ಆಗವು, ಬೂದಿ ತುಂಬಿ ಉಸಿರು ಕಟ್ಟುತ್ತೆ.

ನಮ್ಮ ಮನೆಯಲ್ಲಿ ನಿಜವಾದ ಪರೀಕ್ಷೆ ಮಾಡಿದ್ದು ಮುದ್ದೆ. ಆರು ಜನರ ಹಿಟ್ಟು ತಿರುವುವಾಗ ಕೋಲಿನ ಮೇಲೆ ಮೈಭಾರ ಬಿಡಬೇಕು. ಕೊಂಡು ತಂದ ಮೊದಲ ಒಲೆ ಆ ಭಾರಕ್ಕೆ ಒಂದೇ ವಾರದಲ್ಲಿ ಓಲಾಡತೊಡಗಿತು. ಈಗ ಕುದಿ ಬಂದು ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ ಕವೆಗೋಲಿನಿಂದ ಅದುಮಿ ಹಿಡಿದು ತಿರುವುತ್ತಾರೆ. ಆದ್ದರಿಂದ ಅಂಗಡಿಗೆ ಹೋಗುವಾಗ ನಿಮ್ಮ ಮುದ್ದೆ ಪಾತ್ರೆ ಹೊತ್ತುಕೊಂಡೇ ಹೋಗಿ, ಒಲೆ ಮೇಲೆ ಇಟ್ಟು ಎರಡು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಂಗಡಿಯವರು ನಗುತ್ತಾರೆ, ನಗಲಿ. ಅಡಿಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ಒಲೆ ಆರಿಸುವುದು ಗಂಡಸರು, ಉರಿಸುವುದು ಹೆಂಗಸರು ಅನ್ನುವುದು ನಮ್ಮಲ್ಲಿ ಕೆಟ್ಟ ರೂಢಿ.

ಚಿಮಣಿ ಒಲೆಯ ಮಾತು

ಎತ್ತಿ ಇಡುವ ಒಲೆಗೆ ಮಾತ್ರ ಈ ಐಎಸ್‌ಐ ಗುರುತು. ಮನೆಯಲ್ಲೇ ಕಟ್ಟುವ ಮಣ್ಣಿನ ಚಿಮಣಿ ಒಲೆಗೆ ಇದು ಬರುವುದಿಲ್ಲ. ಹಾಗಂತ ಅದನ್ನು ತಳ್ಳಿಹಾಕಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ನಮ್ಮ ರಾಜ್ಯದ ಅಡಿಗೆಗೆ ಅಂತಲೇ ಮೂರು ಪಾತ್ರೆಯ ಅಸ್ತ್ರ ಒಲೆ ಮಾಡಿದರು. ಹಿರಿಯರಿಗೆ ನೆನಪಿರಬಹುದು. ಮೊದಲ ಪಾತ್ರೆಗೆ ಜ್ವಾಲೆ, ಹಿಂದಿನ ಎರಡಕ್ಕೆ ಬಿಸಿಗಾಳಿ, ಅದರಾಚೆ ಚಿಮಣಿ. ನಮ್ಮ ಹಳೇ ಕೋಡೊಲೆಯ ಬುದ್ಧಿಯನ್ನೇ ಲೆಕ್ಕ ಹಾಕಿ ಬೆಳೆಸಿದ ಹಾಗೆ. ಮುದ್ದೆಯ ಭಾರಕ್ಕೆ ಇದು ಜಗ್ಗುವುದಿಲ್ಲ.

ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಹೊರಗೆ ಸಾಗಿಸುತ್ತೆ ಅನ್ನುವುದು ನೆನಪಿರಲಿ. ಮಸಿ ತುಂಬಿದ ಚಿಮಣಿ ಅದನ್ನೂ ಮಾಡುವುದಿಲ್ಲ. 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿದರು. ಇವತ್ತು ನಮ್ಮೂರಿನಲ್ಲಿ ಅದರ ಕುರುಹಾಗಿ ಒಂದೆರಡು ತುಂಡು ಪೈಪು ಸೂರಿನಲ್ಲಿ ಕಾಣುತ್ತವೆ, ಕೆಳಗೆ ಒಲೆ ಇಲ್ಲ. ಒಡಿಶಾದ 44 ಹಳ್ಳಿಗಳಲ್ಲಿ ಚಿಮಣಿ ಒಲೆ ಕೊಟ್ಟು ನಾಲ್ಕು ವರ್ಷ ಹಿಂದೆ ಬಿದ್ದು ನೋಡಿದ ಅರ್ಥಶಾಸ್ತ್ರಜ್ಞರು 2012ರಲ್ಲಿ ವರದಿ ಕೊಟ್ಟರು. ಮೊದಲ ವರ್ಷ ಅಡಿಗೆ ಮಾಡುವವರ ಎದೆಗೆ ಹೋಗುವ ಹೊಗೆ ಇಳಿಯಿತು, ಆಮೇಲೆ ಮೊದಲಿನ ಹಾಗೇ ಆಯಿತು. ಕಾರಣ, ಒಲೆ ಒಡೆದವು, ಗುಡಿಸಿ ಸರಿ ಮಾಡುವವರು ಕಡಿಮೆಯಾದರು, ಉಪಯೋಗವೂ ಇಳಿಯಿತು.

ನಮ್ಮಲ್ಲಿ ಈಗ ಎರಡೂ ಇವೆ. ತೊಗರಿ ಕಡ್ಡಿಯ ಉರಿಗೆ ಗುರುತಿನ ಕಬ್ಬಿಣದ ಒಲೆ, ಅದರ ಜಾಗ ಹಿತ್ತಲ ಬಾಗಿಲ ಹೊರಗಿನ ತಗಡಿನ ಸೂರಿನ ಕೆಳಗೆ. ನೀರು ಕಾಯಿಸುವುದಕ್ಕೂ ಎಮ್ಮೆಯ ಹುರುಳಿಗೂ ಮಳೆಗಾಲದ ಮುದ್ದೆಗೂ ಒಳಗೆ ಮಣ್ಣಿನ ಚಿಮಣಿ ಒಲೆ. ಅದರ ಪೈಪು ಮನೆಯ ನೆತ್ತಿಗಿಂತ ಎರಡಡಿ ಮೇಲೆ, ತುದಿಗೆ ಟೋಪಿ. ಹಳೇ ಕಾಲದ ಕಲ್ನಾರಿನ ಪೈಪು ಬಿಟ್ಟು ತಗಡಿನದು ಹಾಕಿಸಿದೆವು. ಹುಲ್ಲು ಸೋಗೆ ಹೊದಿಸಿದ ಮನೆಯವರು ಪೈಪಿನ ಸುತ್ತ ಜಾಗ ಬಿಟ್ಟು ತಗಡು ಹೊಡೆಸಬೇಕು, ಕಿಡಿಗೆ ಕರುಣೆ ಇಲ್ಲ. ಕೆಂಡವನ್ನು ಚಳಿಗೆ ಅಂತ ಮುಚ್ಚಿದ ಕೋಣೆಗೆ ಒಯ್ಯಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ, ಮಲಗಿದವರು ಏಳದೆ ಹೋಗಬಹುದು.

ನಮ್ಮಾಕೆಯ ಕೆಮ್ಮು ವಾಸಿಯಾಗಿದೆ ಅಂತ ಬರೆದರೆ ಸುಳ್ಳಾದೀತು. ಎಳೆಯುವ ಔಷಧಿ ಬಿಟ್ಟಿಲ್ಲ. ಊದುಗೊಳವೆ ಮಾತ್ರ ಅಟ್ಟ ಸೇರಿದೆ. ಪ್ರತಿ ಅಮಾವಾಸ್ಯೆಗೆ ಸೊಸೆ ಒಲೆಯ ಒಳದಾರಿ ಕೆರೆದು ಬೂದಿ ತೆಗೆಯುತ್ತಾಳೆ, ನಾನು ಏಣಿ ಹಾಕಿ ಹತ್ತಿ, ಉದ್ದನೆ ಬಿದಿರಿಗೆ ಗೋಣಿಚೀಲ ಕಟ್ಟಿ ಪೈಪು ಗುಡಿಸುತ್ತೇನೆ. ಹೋದ ಸಲ ಅರ್ಧ ಸೇರು ಮಸಿ ಬಿತ್ತು.