ವಿಮಾನಕ್ಕೆ ವಿನೈಲ್ ಹೊದಿಕೆ: ದರಪಟ್ಟಿ ಒಪ್ಪುವ ಮುನ್ನ

ಸಣ್ಣ ವಿಮಾನಗಳ ಮೇಲೆ ಸಂಸ್ಥೆಯ ಲಾಂಛನವನ್ನೋ ಜಾಹೀರಾತನ್ನೋ ಮೂಡಿಸಲು ಬಣ್ಣಕ್ಕೆ ಬದಲಾಗಿ ವಿನೈಲ್ ಹಾಳೆ ಅಂಟಿಸುವ ಪದ್ಧತಿಯುಂಟು. ವಿನ್ಯಾಸ ಬದಲಾದಾಗ ಹಾಳೆಯನ್ನು ಬಿಡಿಸಿ ತೆಗೆಯಬಹುದೆಂಬುದು ಇದರ ಮುಖ್ಯ ಅನುಕೂಲ. ಆದರೆ ದರಪಟ್ಟಿಗಳನ್ನು ಚದರಡಿಯ ಲೆಕ್ಕದಲ್ಲಷ್ಟೇ ಹೋಲಿಸುವ ಮಾಲೀಕರು ನಷ್ಟಕ್ಕೂ ಅಪಾಯಕ್ಕೂ ಗುರಿಯಾಗಬಹುದು.

ಹಾಳೆಯ ಬಗೆ

ಬಿಸಿ ಉರುಳೆಗಳ ನಡುವೆ ಒತ್ತಿ ತಯಾರಿಸಿದ ಹಾಳೆಗೆ 'ಕ್ಯಾಲೆಂಡರ್ಡ್' ಎಂದೂ, ದ್ರವರೂಪದ ವಿನೈಲನ್ನು ತೆಳುವಾಗಿ ಹರಡಿ ಒಣಗಿಸಿದ ಹಾಳೆಗೆ 'ಕಾಸ್ಟ್' ಎಂದೂ ಹೆಸರು. ಮೊದಲನೆಯದು ಅಗ್ಗ, ತಯಾರಿಕೆಯಲ್ಲಿಯೇ ಎಳೆತಕ್ಕೆ ಒಳಗಾಗಿರುವುದರಿಂದ ಕ್ರಮೇಣ ಕುಗ್ಗುತ್ತದೆ. ಸುಮಾರು 50 ಮೈಕ್ರಾನ್ ದಪ್ಪದ ಎರಡನೆಯದು ದುಬಾರಿಯಾದರೂ ಬಾಗಿದ ಮೈಗೆ ಒಗ್ಗುತ್ತದೆ.

ಬಾಗಿನ ಸಮಸ್ಯೆ

ಒಂದೇ ದಿಕ್ಕಿಗೆ ಬಾಗಿದ ಒಡಲಿಗೆ ಹಾಳೆ ಸುಲಭವಾಗಿ ಸುತ್ತಿಕೊಳ್ಳುತ್ತದೆ. ಎಂಜಿನ್ ಮುಚ್ಚಳ, ರೆಕ್ಕೆಯ ತುದಿ, ಚಕ್ರದ ಕವಚಗಳು ಎರಡೂ ದಿಕ್ಕಿಗೆ ಬಾಗಿರುತ್ತವೆ; ಚೆಂಡಿಗೆ ಕಾಗದ ಸುತ್ತಿದಾಗ ಬೀಳುವಂತಹ ನೆರಿಗೆ ಇಲ್ಲಿಯೂ ಬೀಳುತ್ತದೆ. ಆದ್ದರಿಂದ ಮೈಯನ್ನು ಶುಚಿಗೊಳಿಸಿ, ಹಾಳೆಯನ್ನು ಹದವಾಗಿ ಕಾಯಿಸಿ, ಮಿತವಾಗಿ ಎಳೆದು, ನಡುವಿನಿಂದ ಅಂಚಿನತ್ತ ಗಾಳಿಯನ್ನು ಹೊರದೂಡುತ್ತ ಒತ್ತಬೇಕು. ಎಳೆದ ಹಾಳೆ ಮತ್ತೆ ಮೊದಲಿನ ಅಳತೆಗೆ ಮರಳಲು ಯತ್ನಿಸುತ್ತದೆ. ಅದನ್ನು ತಡೆಯಲು ಕೊನೆಯಲ್ಲಿ ತಯಾರಕರು ಸೂಚಿಸಿದ ಉಷ್ಣಾಂಶಕ್ಕೆ, ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಮೀರಿ, ಇನ್ನೊಮ್ಮೆ ಕಾಯಿಸುವುದು ಅಗತ್ಯ. ನಾರುಗಾಜು ಅಥವಾ ಪ್ಲಾಸ್ಟಿಕ್‌ನ ಬಿಡಿಭಾಗ ಆ ಶಾಖವನ್ನು ತಾಳದಿದ್ದಲ್ಲಿ, ಹೆಚ್ಚು ಎಳೆಯದೆ ತುಂಡುಗಳಾಗಿ ಅಂಟಿಸಿ ಜೋಡಿಸುವುದೇ ಸೂಕ್ತ.

ಸುರಕ್ಷತೆಯ ಪ್ರಶ್ನೆ

ಸೆಸ್ನಾ 172ಎಸ್ ವಿಮಾನಕ್ಕೆ ಮೀರಬಾರದ ವೇಗ 163 ನಾಟ್, ಎಂದರೆ ಗಂಟೆಗೆ ಸುಮಾರು 300 ಕಿ.ಮೀ. ಬಿಟ್ಟುಕೊಂಡ ಅಂಚು ಹಾರಾಟದ ಗಾಳಿಗೆ ಸಿಕ್ಕಿದರೆ ಹಾಳೆ ಹರಿದು ಹೋಗಬಹುದು. ವೇಗ ಮತ್ತು ಎತ್ತರ ಅಳೆಯುವ ರಂಧ್ರಗಳು, ರೆಕ್ಕೆಯ ಮುಂಚಿನಲ್ಲಿರುವ ಎಚ್ಚರಿಕೆಯ ರಂಧ್ರ, ನೀರು ಬಸಿಯುವ ತೂತುಗಳು ಎಂದಿಗೂ ಮುಚ್ಚಿಹೋಗಬಾರದು. ಅಲ್ಯೂಮಿನಿಯಂ ಮೈಮೇಲೆ ಚಾಕು ಆಡಿಸಿದರೆ ಗೀರು ಮುಂದೆ ಬಿರುಕಾಗಬಹುದಾದ್ದರಿಂದ ದಾರವಿರುವ ಕತ್ತರಿಸುವ ಪಟ್ಟಿಯನ್ನೇ ಬಳಸಬೇಕು. ವಿಮಾನವನ್ನು ತಿರುಗಿಸುವ, ಏರಿಸಿಳಿಸುವ ಫಲಕಗಳ ಸಮತೋಲ ತಪ್ಪಿದರೆ ಅಪಾಯಕಾರಿ ಕಂಪನ ಉಂಟಾಗಬಹುದು. ತಯಾರಕರ ಲಿಖಿತ ಸೂಚನೆಯಿಲ್ಲದೆ ಅವುಗಳಿಗೆ ಹಾಳೆ ಅಂಟಿಸಬಾರದು.

ಲೆಕ್ಕದ ದೃಷ್ಟಿ

ಅಂಟೂ ಸೇರಿ ಚದರ ಮೀಟರಿಗೆ 100 ಗ್ರಾಂ ಎಂದಿಟ್ಟುಕೊಂಡರೂ 30 ಚದರ ಮೀಟರಿಗೆ 3 ಕಿಲೋ ತೂಕ ಕೂಡುತ್ತದೆ. ಇದು ವಿಮಾನದ ತೂಕದ ದಾಖಲೆಗೆ ಸೇರಬೇಕು. ದರಪಟ್ಟಿಯಲ್ಲಿ ಹಾಳೆಯ ಬಗೆ, ಜೋಡಣೆಯ ಸ್ಥಳಗಳು, ಕೊನೆಯ ಶಾಖೋಪಚಾರ, ಮುಂದೆ ಹಾಳೆ ತೆಗೆಯುವ ವೆಚ್ಚ, ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರರ ದೃಢೀಕರಣ, ಇವೆಲ್ಲವೂ ಪ್ರತ್ಯೇಕವಾಗಿ ನಮೂದಾಗಿರಲಿ. ಅಂಚು ಬಿಟ್ಟ ಅಗ್ಗದ ಹಾಳೆಯನ್ನು ಮತ್ತೆ ಅಂಟಿಸುವ ಖರ್ಚಿನ ಜೊತೆಗೆ, ವಿಮಾನ ನೆಲದಲ್ಲಿ ನಿಂತ ದಿನಗಳ ಆದಾಯವೂ ನಷ್ಟವೇ. ಆ ನಷ್ಟವನ್ನು ಸೇರಿಸಿ ನೋಡಿದಾಗಲೇ ನಿಜವಾದ ಅಗ್ಗ ಯಾವುದೆಂದು ತಿಳಿಯುತ್ತದೆ.