ಪರದೆ ಇಲ್ಲದ ಫೋನು

ಧಾರವಾಡ ಜಿಲ್ಲೆಯ ನವಲಗುಂದ ಕಡೆಯ ಯಾವುದಾದರೂ ಹಳ್ಳಿಗೆ ಹೋದರೆ ಗ್ರಾಮ ಪಂಚಾಯಿತಿ ಕಟ್ಟಡದ ಸುತ್ತ ಒಮ್ಮೆ ಕಣ್ಣು ಹಾಯಿಸಿ. ಸೌರಫಲಕ ಹೊತ್ತ ಒಂದು ಮಳೆಮಾಪಕ ಕಂಡೀತು. ಒಳಗೆ ತಕ್ಕಡಿಯಂತೆ ವಾಲಾಡುವ ಜೋಡಿ ಬಟ್ಟಲು. ಒಂದು ತುಂಬಿ ಬಾಗಿ ಸುರಿದರೆ ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ಬಾಗಿತೆಂಬ ಎಣಿಕೆಯೇ ಮಳೆಯ ಲೆಕ್ಕ. 15 ನಿಮಿಷಕ್ಕೊಮ್ಮೆ ಅದು ಮೊಬೈಲ್ ಜಾಲದ ಮೂಲಕ ಬೆಂಗಳೂರು ಸೇರುತ್ತದೆ. ಬ್ಯಾಟರಿ, ಸಿಮ್, ಸೆನ್ಸರ್ ಎಲ್ಲ ಇರುವ ಇದು ಪರದೆ ಇಲ್ಲದ ಫೋನೇ ಸರಿ.

ಇದರ ಬೇರು ಬರಗಾಲದಲ್ಲಿದೆ. 1988ರಲ್ಲಿ ರಾಜ್ಯ ಸರ್ಕಾರ ಬರ ಉಸ್ತುವಾರಿ ಕೋಶ ತೆರೆಯಿತು. 2007ರಲ್ಲಿ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಈಗ ಇಂಥ ಮಾಪಕಗಳು ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು. ಆದರೂ ಪಂಚಾಯಿತಿಗೊಂದು ಮಾಪಕ ಸಾಲದು ಎಂಬುದು ಎರಿ ಹೊಲದವರಿಗೆ ಗೊತ್ತು. ಬದುವಿನ ಆ ಕಡೆ ಹದ ಮಳೆ, ಈ ಕಡೆ ಹನಿಯೂ ಇಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಗೋ, ಮಾಪಕದಲ್ಲಿ ಬಿದ್ದದ್ದೇ ಮಳೆ!

ಇತ್ತ ಮನೆಮನೆಯ ಕಪಾಟಿನಲ್ಲಿ ಗಾಜು ಒಡೆದ ಫೋನುಗಳು ಮಲಗಿವೆ. ಪರದೆ ಸತ್ತರೂ ಕ್ಯಾಮೆರಾ, ಮೈಕು ಜೀವಂತ. 2011ರಲ್ಲಿ ಬೋರ್ನಿಯೋ ಕಾಡು ನೋಡಲು ಹೋದ ಅಮೆರಿಕದ ಟೋಫರ್ ವೈಟ್, ಕಾವಲು ಠಾಣೆಯಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಕಳ್ಳರು ಮರ ಕೊಯ್ಯುವುದನ್ನು ಕಂಡರು. ಕಾಡಿನ ಗದ್ದಲದಲ್ಲಿ ಗರಗಸದ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಅವರು ಬಿಸಾಡಿದ ಫೋನುಗಳಿಗೆ ಸೌರಫಲಕ ಜೋಡಿಸಿ ಮರದ ತುದಿಗೇರಿಸಿ, ಆ ಸದ್ದಿಗೆ ಕಿವಿಗೊಡುವಂತೆ ಮಾಡಿದರು. 2025ರಲ್ಲಿ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದವರು ಹಳೇ ಫೋನುಗಳನ್ನು ಜೋಡಿಸಿ ನೀರೊಳಗಿನ ಜೀವಿಗಳ ಎಣಿಕೆಗೆ ಹಚ್ಚಿದರು. ಅವರು ಮೊದಲು ಮಾಡಿದ್ದು ಬ್ಯಾಟರಿ ಕಿತ್ತು ಹೊರಗಿನಿಂದ ವಿದ್ಯುತ್ ಕೊಟ್ಟದ್ದು. ನಮ್ಮ ಬೇಸಿಗೆಗೆ ಅದೇ ಮೊದಲ ಪಾಠ. ಬಿಸಿಲಿಗಿಟ್ಟ ಹಳೇ ಬ್ಯಾಟರಿ ಊದಿಕೊಳ್ಳುತ್ತದೆ.

ಫೋನು ಮಳೆ ಅಳೆಯದು, ನಿಜ. ಆದರೆ ಹಳ್ಳ ನೋಡಬಲ್ಲದು. ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ ದಾಟಿ ನವಲಗುಂದಕ್ಕೆ ಬರುತ್ತದೆ. ಮೇಲ್ಭಾಗದಲ್ಲಿ ಮಳೆಯಾದರೆ, ಕೆಳಗಿನ ಯಮನೂರಿನಲ್ಲಿ ಬಿಸಿಲಿದ್ದಾಗಲೇ ಕೆಂಪು ನೀರು ಸೇತುವೆಗೆ ಬಡಿಯುತ್ತದೆ. 2019ರ ಆಗಸ್ಟಿನಲ್ಲಿ ಈ ಹಳ್ಳ ಹೊಲಗಳನ್ನು ನುಂಗಿದ್ದನ್ನು ಯಾರೂ ಮರೆತಿಲ್ಲ.

ಮೇಲ್ಭಾಗದ ಸೇತುವೆಯ ಕಂಬಕ್ಕೆ ಅಡಿ ಗುರುತು ಬಳಿದು, ಎದುರಿಗೊಂದು ಹಳೇ ಫೋನು ಕೂರಿಸಿದರೆ ಹತ್ತು ನಿಮಿಷಕ್ಕೊಂದು ಫೋಟೊ ಕೆಳಗಿನ ಊರುಗಳಿಗೆ ಕಳಿಸಬಹುದು. ಐಐಟಿ, ಕೃಷಿ ವಿಶ್ವವಿದ್ಯಾಲಯ ಎರಡೂ ಧಾರವಾಡದಲ್ಲೇ ಇವೆ. ಬರುವ ಮುಂಗಾರಿಗೆ ಒಂದು ಕಂಬದೆದುರಾದರೂ ಕಟ್ಟಿ ನೋಡಲಿ.